ಮರೆವಿಗೆ ಮದ್ದುಸೊಪ್ಪು ಸಾಕೇ?

ಪ್ರಶ್ನೆ: ನಮ್ಮ ಯಜಮಾನರಿಗೆ 58 ವರ್ಷ. ಕರಿದ ತಿಂಡಿ, ಸಿಹಿ ಬಿಡಲೊಲ್ಲರು. ಈಚೆಗೆ ಮರೆವು ಹೆಚ್ಚಿದೆ. ಬ್ರಾಹ್ಮಿ ಮಾತ್ರೆಯೋ, ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಔಷಧೀಯ ಎಲೆಯಾದ ಮದ್ದುಸೊಪ್ಪೋ ಮಿದುಳನ್ನು ಕಾಪಾಡೀತೇ?
– ಓದುಗರು, ವಿರಾಜಪೇಟೆ

ಉತ್ತರ: ಕೊಬ್ಬು, ಸಕ್ಕರೆ ಅತಿಯಾದ ಆಹಾರ ತಿಂದ ಇಲಿಗಳಲ್ಲಿ ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಭಾಗದ ಕೆಲಸ ಕುಗ್ಗುವುದೂ, ಅರಿಸಿನದ ಕರ್ಕ್ಯುಮಿನ್‌ನಂತಹ ಸಸ್ಯಸಾರಗಳು ಆ ಹಾನಿಯನ್ನು ಒಂದಿಷ್ಟು ತಗ್ಗಿಸುವುದೂ ಪ್ರಯೋಗಗಳಲ್ಲಿ ಕಂಡುಬಂದಿದೆ. ಮನುಷ್ಯರಿಗೆ ನೀರುಬ್ರಾಹ್ಮಿಯ ಸಾರವನ್ನು ದಿನಕ್ಕೆ 300 ಮಿಲಿಗ್ರಾಂನಂತೆ 12 ವಾರ ಕೊಟ್ಟ ಅಧ್ಯಯನಗಳಲ್ಲಿ ನೆನಪು ಅಲ್ಪಸ್ವಲ್ಪ ಸುಧಾರಿಸಿದ್ದುಂಟು; ಆದರೆ ಅವು ಕೆಟ್ಟ ಆಹಾರದ ಪರಿಣಾಮವನ್ನು ಅಳೆಯಲು ನಡೆದವಲ್ಲ.

ಕಕ್ಕಡ ತಿಂಗಳ 18ರಂದು ಮದ್ದುಸೊಪ್ಪಿನ ಎಲೆಯನ್ನು ಕುದಿಸಿ, ಆ ಕಡು ನೇರಳೆ ನೀರಿನಲ್ಲಿ ಅಕ್ಕಿ ಬೇಯಿಸಿ ಮಾಡುವ ಮದ್ದುಪಾಯಸವನ್ನು ಸಂತೋಷದಿಂದ ಉಣ್ಣಲಿ (ಮರುದಿನ ಮೂತ್ರ ಕೆಂಪಾದರೆ ಗಾಬರಿ ಬೇಡ). ಸೊಪ್ಪಿನಲ್ಲಿ ಉತ್ಕರ್ಷಣ ನಿರೋಧಕ (ಜೀವಕೋಶಗಳಿಗಾಗುವ ಹಾನಿಯನ್ನು ತಗ್ಗಿಸುವ) ಗುಣವಿದೆ ನಿಜ, ಆದರೂ ವರ್ಷಕ್ಕೊಂದು ದಿನದ ಪಾಯಸ ನಿತ್ಯದ ಎಣ್ಣೆತಿಂಡಿಗೆ ಪರಿಹಾರವಾಗದು.

ನನ್ನ ಮಟ್ಟಿಗೆ ಮಾತ್ರೆಗಿಂತ ಮೊದಲು ಆಗಬೇಕಾದದ್ದು ರಕ್ತದ ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್, ಬಿ12 ತಪಾಸಣೆ. ಈ ವಯಸ್ಸಿನಲ್ಲಿ ಹೆಚ್ಚಿದ ಮರೆವನ್ನು ಕಡೆಗಣಿಸಬೇಡಿ. ರಕ್ತ ತೆಳುವಾಗಿಸುವ ಔಷಧಿ ಸೇವಿಸುತ್ತಿದ್ದರೆ ವೈದ್ಯರನ್ನು ಕೇಳದೆ ಕರ್ಕ್ಯುಮಿನ್ ಕ್ಯಾಪ್ಸೂಲ್ ಕೊಡಲೇಬೇಡಿ.