ಇಂಟರ್ವ್ಯೂ ಆಗಿ ಎರಡು ವಾರವಾಯಿತು, ಸುದ್ದಿಯೇ ಇಲ್ಲ. ನಾನೇ ವಿಚಾರಿಸಬಹುದಾ?

ಧಾರಾಳವಾಗಿ ವಿಚಾರಿಸಿ. ಒಂದು ವಾರದಲ್ಲಿ ತಿಳಿಸುತ್ತೇವೆ ಅಂತ ಅವರೇ ಹೇಳಿದ್ದು, ಈಗ ಎರಡು ವಾರ ಆಗಿದೆ. ಕೇಳಿದರೆ ಬರುವ ಕೆಲಸವೂ ಕೈತಪ್ಪುತ್ತದೇನೋ ಅಂತ ನೀವು ಹೆದರಿದ್ದೀರಿ. ನಾನು ನೇಮಕಾತಿ ವಿಭಾಗದಲ್ಲೇ ಕೆಲಸ ಮಾಡುವವಳು. ಮರ್ಯಾದೆಯಿಂದ ವಿಚಾರಿಸಿದರು ಅನ್ನುವ ಕಾರಣಕ್ಕೆ ಯಾರನ್ನೂ ಪಟ್ಟಿಯಿಂದ ತೆಗೆದದ್ದನ್ನು ನಾನು ನೋಡಿಲ್ಲ.

ಈ ಎರಡು ವಾರ ಒಳಗೆ ಏನು ನಡೆಯುತ್ತಿರಬಹುದು ಅಂತ ಹೇಳುತ್ತೇನೆ. ನೀವು ಎದ್ದು ಬಂದ ಮೇಲೆ, ಇಂಟರ್ವ್ಯೂ ಮಾಡಿದ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯ ಬರೆದುಕೊಡಬೇಕು. ಇಬ್ಬರು ಅವತ್ತೇ ಬರೆದಿರುತ್ತಾರೆ, ಮೂರನೆಯವರು ರಜೆ ಹಾಕಿ ಹೋಗಿರುತ್ತಾರೆ. ಉಳಿದ ಅಭ್ಯರ್ಥಿಗಳ ಸುತ್ತು ಮುಗಿಯಬೇಕು. ಆಮೇಲೆ ಸಂಬಳದ ಲೆಕ್ಕ. ನೀವು ಕೇಳಿದ್ದು ಆ ಹುದ್ದೆಗೆ ಇಟ್ಟ ಮಿತಿ ದಾಟಿದರೆ ಮೇಲಿನವರ ಒಪ್ಪಿಗೆ ಬೇಕು. ಕೆಲವೊಮ್ಮೆ ಹುದ್ದೆಯನ್ನೇ ಮುಂದಿನ ಬಜೆಟ್‌ವರೆಗೆ ತಡೆಹಿಡಿಯುತ್ತಾರೆ. ಇದರಲ್ಲಿ ಯಾವುದು ಎಲ್ಲಿ ನಿಂತರೂ ನಿಮಗೆ ಫೋನ್ ಬರುವುದಿಲ್ಲ.

ಇನ್ನೊಂದು ಕಾರಣವೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀವು ಎರಡನೇ ಸ್ಥಾನದಲ್ಲಿ ಇರಬಹುದು. ಮೊದಲನೆಯವರಿಗೆ ಆಫರ್ ಹೋಗಿರುತ್ತದೆ, ಅವರು 'ಯೋಚಿಸಿ ಹೇಳುತ್ತೇನೆ' ಅಂದಿರುತ್ತಾರೆ. ಅವರು ಉತ್ತರ ಕೊಡುವ ತನಕ ನಿಮಗೆ ಹೂಂ ಅನ್ನಲೂ ನಮಗೆ ಆಗದು, ಇಲ್ಲ ಅನ್ನಲೂ ಮನಸ್ಸು ಬರದು. ಅದಕ್ಕೇ 'ಇನ್ನೂ ಪ್ರೊಸೆಸ್‌ನಲ್ಲಿದೆ' ಅನ್ನುವ ಉತ್ತರ. ಎಷ್ಟೋ ಸಲ ಮೊದಲನೆಯವರನ್ನು ಅವರ ಈಗಿನ ಕಂಪನಿಯೇ ಸಂಬಳ ಏರಿಸಿ ಉಳಿಸಿಕೊಂಡುಬಿಡುತ್ತದೆ. ಆಗ ನಾವು ಗಡಿಬಿಡಿಯಲ್ಲಿ ಎರಡನೆಯವರ ನಂಬರ್ ಹುಡುಕುತ್ತೇವೆ. ಅವರದ್ದೊಂದು ಚೊಕ್ಕ ಮೇಲ್ ಆಗಲೇ ಬಂದಿದ್ದರೆ, ಇವರು ಇನ್ನೂ ಬರಲು ಸಿದ್ಧ ಅಂತ ತಕ್ಷಣ ಗೊತ್ತಾಗುತ್ತದೆ.

ಹಾಗಾಗಿ ಮೇಲ್ ಮಾಡಿ. ಇಂಟರ್ವ್ಯೂಗೆ ಕರೆದ ಎಚ್‌ಆರ್ ಅವರಿಗೇ, ಅವರು ಕಳಿಸಿದ್ದ ಹಳೆಯ ಮೇಲ್‌ಗೇ ರಿಪ್ಲೈ ಮಾಡಿ. ಹೀಗೆ ಬರೆದರೆ ಸಾಕು:

'ನಮಸ್ಕಾರ. ಇದೇ ತಿಂಗಳು 4ರಂದು ಅಕೌಂಟ್ಸ್ ಹುದ್ದೆಗೆ ನನ್ನ ಎರಡನೇ ಸುತ್ತಿನ ಇಂಟರ್ವ್ಯೂ ಆಗಿತ್ತು. ಈ ಕೆಲಸ ಮಾಡಬೇಕೆಂಬ ಆಸಕ್ತಿ ನನಗೆ ಈಗಲೂ ಇದೆ. ನಿರ್ಧಾರ ಯಾವಾಗ ಆಗಬಹುದು ಅಂತ ತಿಳಿಸಿದರೆ ಅನುಕೂಲ. ನನ್ನಿಂದ ಬೇರೆ ದಾಖಲೆ ಬೇಕಿದ್ದರೆ ಕಳಿಸುತ್ತೇನೆ.'

ಗಮನಿಸಿ, ಇಲ್ಲಿ ಕೇಳಿರುವುದು 'ಯಾವಾಗ' ಅಂತ. 'ನಾನು ಸೆಲೆಕ್ಟ್ ಆದೆನಾ' ಅಂತ ಕೇಳಿದರೆ ಎಚ್‌ಆರ್ ಕೈ ಕಟ್ಟಿಹಾಕಿದ ಹಾಗೆ. ನಿರ್ಧಾರ ಆಗುವ ಮುಂಚೆ ಅದಕ್ಕೆ ಉತ್ತರಿಸುವ ಅಧಿಕಾರ ಅವರಿಗಿಲ್ಲ, ಆದ್ದರಿಂದ ಸುಮ್ನೆ ಇದ್ದುಬಿಡುತ್ತಾರೆ. ಯಾವಾಗ ಅಂದರೆ ಯಾರನ್ನೂ ಕೇಳದೆ ಹೇಳಬಹುದು. ಉತ್ತರ ಬರದಿದ್ದರೆ ವಾರ ಬಿಟ್ಟು ಇನ್ನೊಂದು ಸಲ ಬರೆಯಿರಿ. ಅಲ್ಲಿಗೆ ಬಿಡಿ. ದಿನಾ ಫೋನ್ ಮಾಡುವುದು, ಇಂಟರ್ವ್ಯೂ ಮಾಡಿದವರಿಗೆ ರಾತ್ರಿ ವಾಟ್ಸಾಪ್ ಮಾಡುವುದು ಬೇಡ.

ಕೈಯಲ್ಲಿ ಬೇರೆ ಆಫರ್ ಇದ್ದರೆ ಮಾತ್ರ ವಿಷಯ ಬೇರೆ. 'ಶುಕ್ರವಾರದೊಳಗೆ ಅವರಿಗೆ ಉತ್ತರ ಕೊಡಬೇಕು, ನನ್ನ ಮೊದಲ ಆಯ್ಕೆ ನೀವೇ' ಅಂತ ನೇರವಾಗಿ ಹೇಳಿ. ನಿಂತ ಫೈಲ್ ಓಡುವಂತೆ ಮಾಡಲು ಇದಕ್ಕಿಂತ ಜಾಸ್ತಿ ಬಲವಾದ ಮಾತು ನನಗೆ ಗೊತ್ತಿಲ್ಲ. ಇಲ್ಲದ ಆಫರ್ ಇದೆ ಅಂತ ಹೇಳಬೇಡಿ. 'ಹಾಗಾದರೆ ಅದನ್ನೇ ತಗೊಳ್ಳಿ' ಅಂದುಬಿಟ್ಟರೆ ಏನು ಮಾಡುತ್ತೀರಿ?

ಪೋರ್ಟಲ್‌ನಲ್ಲಿ 'ಪರಿಶೀಲನೆಯಲ್ಲಿದೆ' ಅಂತಲೇ ತೋರಿಸುತ್ತಿದೆ, ಜಾಹೀರಾತು ಇನ್ನೂ ತೆಗೆದಿಲ್ಲ ಅಂತಲೂ ಬರೆದಿದ್ದೀರಿ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆಳು ಸೇರಿಕೊಂಡ ಮೇಲೂ ಅದನ್ನು ಬದಲಿಸಲು ಮರೆಯುವವರಿದ್ದಾರೆ. ಸಂಬಳದ ಚೀಟಿ ಕೇಳಿದರೆ, ನಿಮ್ಮ ಹಳೆಯ ಮ್ಯಾನೇಜರ್‌ಗೆ ಫೋನ್ ಮಾಡಿದರೆ ಅದು ಒಳ್ಳೆಯ ಸೂಚನೆ. ಆದರೂ ಆಫರ್ ಲೆಟರ್ ಕೈಗೆ ಬರುವ ತನಕ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ಬೇರೆ ಕಡೆ ಅರ್ಜಿ ಹಾಕುವುದನ್ನೂ ನಿಲ್ಲಿಸಬೇಡಿ. ಆಫರ್ ಲೆಟರ್‌ಗೆ ಯಾರಾದರೂ ದುಡ್ಡು ಕೇಳಿದರೆ ಅದು ಮೋಸ, ಒಂದು ಪೈಸೆಯೂ ಕೊಡಬೇಡಿ.

ಇಲ್ಲ ಅನ್ನುವುದಾದರೂ ಎರಡು ಸಾಲು ಬರೆದು ತಿಳಿಸುವುದು ನಮ್ಮ ಕರ್ತವ್ಯ. ರಜೆ ಹಾಕಿ, ತಯಾರಿ ಮಾಡಿಕೊಂಡು ಬಂದವರನ್ನು ಹೀಗೆ ಕಾಯಿಸುವುದು ತಪ್ಪು, ಇದನ್ನು ನಾನು ಆಫೀಸಿನಲ್ಲೂ ಹೇಳುತ್ತಲೇ ಇರುತ್ತೇನೆ. ಉತ್ತರ ಬಾರದಿದ್ದರೆ ನಿಮ್ಮಲ್ಲೇ ಏನೋ ಕೊರತೆ ಇದೆ ಅಂತ ಅಂದುಕೊಳ್ಳಬೇಡಿ. ಮುಂದಿನ ಇಂಟರ್ವ್ಯೂನಲ್ಲಿ ಏಳುವ ಮುಂಚೆಯೇ 'ಯಾವಾಗ ತಿಳಿಸುತ್ತೀರಿ, ತಡವಾದರೆ ಯಾರನ್ನು ಕೇಳಲಿ' ಅಂತ ಕೇಳಿ, ಹೆಸರು ಮತ್ತು ಮೇಲ್ ಐಡಿ ಅಲ್ಲೇ ಬರೆದುಕೊಳ್ಳಿ.