ಪಕ್ಕೆಗೆ ಬಿದ್ದ ಪೆಟ್ಟು, ಎದೆಗೇರಿದ ಜಠರ

ಪ್ರಶ್ನೆ: ನಮ್ಮ ಯಜಮಾನರಿಗೆ 42 ವರ್ಷ. ಎರಡು ವರ್ಷಗಳ ಹಿಂದೆ ಭತ್ತದ ಚೀಲ ಹೇರಿದ್ದ ಟ್ರ್ಯಾಕ್ಟರ್ ಕಾಲುವೆಯ ಏರಿಯಿಂದ ಉರುಳಿ, ಅವರ ಎಡಪಕ್ಕೆಯ ಮೂರು ಎಲುಬು ಮುರಿದಿದ್ದವು. ಎಲುಬು ಕೂಡಿಕೊಂಡವು. ಆದರೆ ಒಂದು ವರ್ಷದಿಂದ ಊಟವಾದ ಕೂಡಲೆ ಏದುಸಿರು ಬರುತ್ತದೆ, ಎಡಭುಜ ನೋಯುತ್ತದೆ. ಗ್ಯಾಸ್ ಎಂದು ಮಾತ್ರೆ ನುಂಗಿದ್ದಾಯಿತು. ಈಗ ರಾಯಚೂರಿನಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ, ಪೆಟ್ಟಿನಿಂದ ಹರ್ನಿಯಾ ಆಗಿ ಜಠರ ಎದೆಗೂಡಿಗೆ ಏರಿದೆ, ಆಪರೇಷನ್ ಬೇಕು ಎಂದಿದ್ದಾರೆ. ಹರ್ನಿಯಾ ತೊಡೆಸಂದಿನಲ್ಲಿ ಬರುವುದಲ್ಲವೆ? ಬೆಲ್ಟ್ ಕಟ್ಟಿಕೊಂಡು, ಕಡಿಮೆ ಉಂಡು ಕಾಲ ಕಳೆಯಬಾರದೆ? ಮೊದಲು ನೋಡಿದ ವೈದ್ಯರಿಗೆ ಇದು ಏಕೆ ತಿಳಿಯಲಿಲ್ಲ?
– ಓದುಗರು, ಸಿಂಧನೂರು ತಾಲ್ಲೂಕು

ಉತ್ತರ: ಒಳಗಿನ ಅಂಗವೊಂದು ತಾನಿರಬೇಕಾದ ಗೋಡೆಯನ್ನು ದಾಟಿ ಹೊರಬಂದರೆ ಅದು ಹರ್ನಿಯಾ, ಆ ಗೋಡೆ ತೊಡೆಸಂದಿನದೇ ಆಗಬೇಕೆಂದಿಲ್ಲ. ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಗುಮ್ಮಟದಾಕಾರದ ಸ್ನಾಯುವಿನ ಪರದೆಯನ್ನು ವಪೆ ಎನ್ನುತ್ತೇವೆ. ಟ್ರ್ಯಾಕ್ಟರ್ ಮೈಮೇಲೆ ಬಿದ್ದಾಗ ಹೊಟ್ಟೆಯೊಳಗಿನ ಒತ್ತಡ ಒಮ್ಮೆಲೇ ಏರಿ ಈ ಪರದೆ ಹರಿಯುತ್ತದೆ. ಬಲಭಾಗದಲ್ಲಿ ಲಿವರ್ ಅಡ್ಡವಾಗಿ ನಿಂತು ಕಾಯುವುದರಿಂದ ಇಂಥ ಹರುಕು ಎಡಭಾಗದಲ್ಲೇ ಹೆಚ್ಚಾಗಿ ಕಾಣಸಿಗುತ್ತದೆ. ಭುಜದ ನೋವಿಗೂ ಇದೇ ಕಾರಣವಿರಬಹುದು: ವಪೆಯ ನರ ಹುಟ್ಟುವುದು ಕುತ್ತಿಗೆಯಲ್ಲಿ, ಆದ್ದರಿಂದ ವಪೆ ಕೆರಳಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ.

ಕೈಕಾಲಿನ ಗಾಯದಂತೆ ಇದು ತಾನಾಗಿ ಕೂಡಿಕೊಳ್ಳುವುದಿಲ್ಲ. ವಪೆಗೆ ಹಗಲಿರುಳು ವಿಶ್ರಾಂತಿ ಇಲ್ಲ. ಉಸಿರು ಎಳೆದುಕೊಂಡಾಗಲೆಲ್ಲ ಎದೆಗೂಡಿನ ಒತ್ತಡ ಇಳಿದು ಹೊಟ್ಟೆಯ ಒತ್ತಡ ಏರುವುದರಿಂದ, ಜಠರವೋ ಕರುಳೋ ಆ ಕಿಂಡಿಯ ಮೂಲಕ ಸ್ವಲ್ಪಸ್ವಲ್ಪವಾಗಿ ಮೇಲಕ್ಕೆ ಸೆಳೆಯಲ್ಪಡುತ್ತದೆ. ಬೆಲ್ಟ್ ಬಿಗಿದರೆ ಹೊಟ್ಟೆಯ ಒತ್ತಡ ಇನ್ನೂ ಹೆಚ್ಚುತ್ತದೆ, ಆದ್ದರಿಂದ ದಯವಿಟ್ಟು ಬೆಲ್ಟ್ ಬೇಡ. ಕಡಿಮೆ ಉಣ್ಣುವುದರಿಂದ ಏದುಸಿರು ತಗ್ಗೀತು, ಕಿಂಡಿ ಮುಚ್ಚದು.

ಮೊದಲು ನೋಡಿದವರನ್ನು ದೂರಲು ನಾನು ಅವಸರಪಡುವುದಿಲ್ಲ. ಪೆಟ್ಟಾದ ದಿನ ಹರುಕು ಚಿಕ್ಕದಾಗಿದ್ದು ಏನೂ ಮೇಲೇರದಿದ್ದರೆ ಎಕ್ಸ್-ರೇಯಲ್ಲಿ ಅದು ಕಾಣದೆಯೂ ಹೋಗಬಹುದು, ಮತ್ತು ಮುರಿದ ಎಲುಬುಗಳ ಕಡೆಗೇ ಎಲ್ಲರ ಗಮನವಿರುತ್ತದೆ. ನಂತರ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅದು ಸದ್ದಿಲ್ಲದೆ ಇರುತ್ತದೆ. ಆದರೆ ಊಟವಾದೊಡನೆ ಏದುಸಿರು ಬರುತ್ತದೆ ಎಂದಾಗಲಾದರೂ ಹಳೆಯ ಅಪಘಾತದ ಬಗ್ಗೆ ಯಾರಾದರೂ ಕೇಳಬೇಕಿತ್ತು. ಕೇಳದಿದ್ದರೆ ನೀವಾದರೂ ಹೇಳಬೇಕಿತ್ತು.

ಕಿಂಡಿ ಚಿಕ್ಕದೆಂದು ಸಮಾಧಾನಪಡುವಂತೆಯೂ ಇಲ್ಲ. ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರೋಯಿಸ್ ಪಾರೆ 1579ರಲ್ಲಿ ವರ್ಣಿಸಿದ ಸೇನಾಧಿಕಾರಿಯೊಬ್ಬನು, ಗುಂಡೇಟಿನಿಂದ ಬದುಕುಳಿದು ಎಂಟು ತಿಂಗಳ ನಂತರ ತೀರಿಕೊಂಡಿದ್ದನು. ಕಿರುಬೆರಳ ತುದಿಯಷ್ಟೇ ಹಿಡಿಸುವ ವಪೆಯ ತೂತಿನಲ್ಲಿ ಅವನ ದೊಡ್ಡ ಕರುಳು ಸಿಕ್ಕಿಕೊಂಡಿತ್ತು. ಹೀಗೆ ಸಿಕ್ಕಿಕೊಂಡ ಭಾಗಕ್ಕೆ ರಕ್ತ ನಿಂತುಹೋಗಿ ಅದು ಕೊಳೆಯುತ್ತದೆ. ಆ ಸ್ಥಿತಿಯಲ್ಲಿ ಮಾಡುವ ತುರ್ತು ಆಪರೇಷನ್‌ಗಿಂತ, ಈಗ ಸಿದ್ಧತೆ ಮಾಡಿಕೊಂಡು ಮಾಡಿಸುವುದು ಎಷ್ಟೋ ಕಡಿಮೆ ಅಪಾಯದ್ದು.

ಆಪರೇಷನ್‌ನಲ್ಲಿ ಜಠರವನ್ನು ನಿಧಾನವಾಗಿ ಬಿಡಿಸಿ ಹೊಟ್ಟೆಗೆ ಇಳಿಸಿ, ಹರಿದ ಅಂಚುಗಳನ್ನು ಕರಗದ ದಾರದಿಂದ ಹೊಲಿಯುತ್ತಾರೆ. ಅಂಚುಗಳು ಬಿಗಿಯಿಲ್ಲದೆ ಕೂಡದಷ್ಟು ಅಂತರವಿದ್ದರೆ ಮೆಶ್ ಎಂಬ ಜಾಲರಿ ಹಾಕುತ್ತಾರೆ. ಪೆಟ್ಟು ಹೊಸದಾಗಿದ್ದರೆ ಗುಲ್ಮ, ಕರುಳುಗಳನ್ನೂ ಪರೀಕ್ಷಿಸಬೇಕಾದ್ದರಿಂದ ಸಾಮಾನ್ಯವಾಗಿ ಹೊಟ್ಟೆಯ ಕಡೆಯಿಂದಲೇ ಹೋಗುತ್ತಾರೆ. ಎರಡು ವರ್ಷ ಹಳೆಯದಾದರೆ ಜಠರವು ಶ್ವಾಸಕೋಶಕ್ಕೆ ಅಂಟಿಕೊಂಡಿರಬಹುದು, ಅದನ್ನು ಬಿಡಿಸಲು ಪಕ್ಕೆಲುಬುಗಳ ನಡುವಿನ ದಾರಿಯೇ ಕೆಲವು ಶಸ್ತ್ರವೈದ್ಯರಿಗೆ ಅನುಕೂಲ. ಸಣ್ಣ ರಂಧ್ರಗಳ ಮೂಲಕ ಮಾಡುವ ದುರ್ಬೀನಿನ ವಿಧಾನವೂ ಕೆಲವರಿಗೆ ಹೊಂದುತ್ತದೆ. ಯಾವುದೆಂಬುದನ್ನು ಸ್ಕ್ಯಾನ್ ನೋಡಿದವರೇ ನಿರ್ಧರಿಸಲಿ. ಎದೆಯಲ್ಲಿ ಕೆಲವು ದಿನ ನಳಿಕೆ ಇರುತ್ತದೆ, ಗಾಬರಿಯಾಗಬೇಡಿ. ಬೀಡಿಯ ಅಭ್ಯಾಸವಿದ್ದರೆ ಅವರು ಇಂದೇ ಬಿಡಬೇಕು. ಬಳ್ಳಾರಿಯಲ್ಲಿ ಜನ ವಿಮ್ಸ್ ಎಂದೇ ಕರೆಯುವ ಆಸ್ಪತ್ರೆಯಲ್ಲಿ ಅಥವಾ ರಾಯಚೂರಿನ ರಿಮ್ಸ್‌ನಲ್ಲಿ ವಿಚಾರಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆಯೂ ಅಲ್ಲೇ ಕೇಳಿ.

ಅಷ್ಟರೊಳಗೆ ಒಮ್ಮೆಲೇ ಎದೆನೋವು, ನಿಲ್ಲದ ವಾಂತಿ ಬಂದರೆ, ಅಥವಾ ಹೊಟ್ಟೆ ಉಬ್ಬಿ ವಾಯು ಹೋಗದಿದ್ದರೆ, ರಾತ್ರಿಯಾದರೂ ಹೊರಡಿ. ಸ್ಕ್ಯಾನ್ ವರದಿ ಕೈಯಲ್ಲಿರಲಿ, ಹೋದ ಕೂಡಲೆ "ಜಠರ ಎದೆಯಲ್ಲಿದೆ" ಎಂದು ಹೇಳಿ. ಎಕ್ಸ್-ರೇಯಲ್ಲಿ ಉಬ್ಬಿದ ಜಠರವನ್ನು ಎದೆಯಲ್ಲಿ ತುಂಬಿದ ಗಾಳಿಯೆಂದು ತಿಳಿದು ನಳಿಕೆ ಚುಚ್ಚಿದರೆ ಜಠರವೇ ತೂತಾಗುವ ಅಪಾಯವಿದೆ.

ಪ್ರಶ್ನೆ: ನನ್ನ 9 ವರ್ಷದ ಮಗ ಸೈಕಲ್‌ನಿಂದ ಬಿದ್ದಾಗ ಹ್ಯಾಂಡಲ್ ತುದಿ ಹೊಟ್ಟೆಗೆ ಚುಚ್ಚಿತು. ಚರ್ಮ ಹರಿದಿಲ್ಲ, ಆದರೆ ಕೆಮ್ಮಿದಾಗ ಅಲ್ಲಿ ಗಂಟು ಏಳುತ್ತದೆ. ಶಾಖ ಕೊಟ್ಟರೆ ಸಾಕೆ?
– ಓದುಗರು, ಕೊಪ್ಪಳ

ಉತ್ತರ: ಸಾಲದು, ಶಾಖವೂ ಬೇಡ. ಹಿಗ್ಗುವ ಗುಣವಿರುವ ಚರ್ಮ ಉಳಿದು, ಅದರಡಿಯ ಸ್ನಾಯು ಮಾತ್ರ ಹರಿದು ಹೀಗೆ ಹರ್ನಿಯಾ ಆಗುವುದುಂಟು. ಗಂಟಿಗಿಂತ ಮುಖ್ಯವಾದ ಪ್ರಶ್ನೆ ಒಳಗಿನ ಕರುಳಿಗೆ ಪೆಟ್ಟಾಗಿದೆಯೆ ಎಂಬುದು. ಆದ್ದರಿಂದ ಇಂದೇ ಮಕ್ಕಳ ಶಸ್ತ್ರವೈದ್ಯರಿಗೆ ತೋರಿಸಿ ಸ್ಕ್ಯಾನ್ ಮಾಡಿಸಿ. ಮಕ್ಕಳಲ್ಲಿ ಸಾಮಾನ್ಯವಾಗಿ ಜಾಲರಿಯಿಲ್ಲದೆ, ಹರಿದ ಪದರಗಳನ್ನೇ ಹೊಲಿದರೆ ಸಾಕಾಗುತ್ತದೆ. ಜ್ವರ, ವಾಂತಿ ಅಥವಾ ಹೊಟ್ಟೆ ಬಿಗಿತ ಕಂಡರೆ ಏನನ್ನೂ ತಿನ್ನಿಸದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.