ಮೊದಲು ಮೈಕ್, ಆಮೇಲೆ ಕ್ಯಾಮೆರಾ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಕ್ಷ್ಯಚಿತ್ರಕ್ಕೆ ಕ್ಯಾಮೆರಾ ಬಾಡಿಗೆಗೆ ತರಬೇಕೇ, ಮೊಬೈಲ್ ಸಾಕೇ ಎಂದು ಕೇಳಿದ್ದೀರಿ. ಮೊಬೈಲ್ ಧಾರಾಳವಾಗಿ ಸಾಕು. ಆ ಹಣವನ್ನು ಕಾಲರ್ ಮೈಕ್‌ಗೆ ಹಾಕಿ. ಕಾಲೇಜಿನ ಕೊನೆಯ ವರ್ಷ ನಾವೂ ಅಲ್ಲೇ ಚಿತ್ರೀಕರಿಸಿದ್ದೆವು. ಕಾದ ಮರಳಿಗೆ ಅಕ್ಕಿ ಬಿದ್ದೊಡನೆ ಏಳುವ ಚಟಪಟ ಸದ್ದಿನಲ್ಲಿ ಅಜ್ಜಿಯೊಬ್ಬರ 20 ನಿಮಿಷದ ಮಾತು ಪೂರ್ತಿ ಮುಳುಗಿಹೋಯಿತು. ಮರುದಿನ ಮತ್ತೆ ಹೇಳಿಸಿದೆವು. ವಿಷಯ ಅದೇ, ಆದರೆ ಹಿಂದಿನ ದಿನ ಗಂಟಲು ಕಟ್ಟಿದ್ದ ಜಾಗದಲ್ಲಿ ಪಾಠ ಒಪ್ಪಿಸಿದಂತೆ ಮಾತನಾಡಿದರು. ಇಂದಿಗೂ ನನಗೆ ಅದು ನೋವು. ಆದ್ದರಿಂದ ಮಾತುಕತೆಯನ್ನು ಭಟ್ಟಿ ಆರಿದ ಮೇಲೆ, ಭಟ್ಟಿ ಕೆಲಸಗಾರರ ಮನೆಯ ಜಗಲಿಯಲ್ಲಿ ದಾಖಲಿಸಿ. ಮೊದಲ 10 ಸೆಕೆಂಡನ್ನು ಇಯರ್‌ಫೋನಿನಲ್ಲಿ ಕೇಳಿ ನೋಡಿಯೇ ಮುಂದುವರಿಯಿರಿ. ಭಟ್ಟಿಯ ಸದ್ದನ್ನು ಬೇರೆಯಾಗಿ ಹಿಡಿದಿಟ್ಟುಕೊಳ್ಳಿ, ಸಂಕಲನಕ್ಕೆ ಬೇಕಾಗುತ್ತದೆ. ಹಾಂ, ಮೊದಲ ದಿನ ಮೊಬೈಲನ್ನು ಜೇಬಿನಿಂದ ತೆಗೆಯಲೇಬೇಡಿ; ಅವರೊಂದಿಗೆ ಕುಳಿತು ಚಹಾ ಕುಡಿದು ಬನ್ನಿ.